ಒಂಬತ್ತನೇ ತರಗತಿಯ ಆ ಎರಡು ಅಂಕದ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ನಿಮ್ಮಲ್ಲಿ ಏಳೆಂಟು ಜನ ಆಫೀಸಿಗೆ ಬಂದು ಹೋದಿರಿ, ಇನ್ನಷ್ಟು ಜನ ಫೋನ್ ಮಾಡಿದಿರಿ. ಎಲ್ಲರದ್ದೂ ಒಂದೇ ವಿಷಯ. ವಿಜ್ಞಾನದ ಕಿರುಪರೀಕ್ಷೆಯಲ್ಲಿ 'ಡಾರ್ಕ್ ಮ್ಯಾಟರ್ ಯಾವುದರಿಂದ ಆಗಿದೆ?' ಅಂತ ಎರಡು ಅಂಕದ ಪ್ರಶ್ನೆ ಇತ್ತು. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ, ದೂರದರ್ಶಕಕ್ಕೆ ಕಾಣದ, ಆದರೆ ಗುರುತ್ವದಿಂದ ಎಳೆಯುವ ವಸ್ತು. 'ಇನ್ನೂ ಯಾರಿಗೂ ಗೊತ್ತಿಲ್ಲ' ಅಂತ ಬರೆದು, ಕೆಳಗೆ ಕಾರಣ ಕೊಟ್ಟವರಿಗೆ ಎರಡಕ್ಕೆ ಎರಡು. ಮೊಬೈಲ್‌ನಲ್ಲಿ ನೋಡಿ ಕಲಿತು ಅರ್ಧ ಪುಟ ತುಂಬಿಸಿದವರಿಗೆ ಸೊನ್ನೆ. 'ಗೊತ್ತಿಲ್ಲ ಅಂದವನಿಗೆ ಫುಲ್ ಮಾರ್ಕ್ಸ್, ಓದಿ ಬರೆದವಳಿಗೆ ಸೊನ್ನೆ, ಇದೆಂಥ ನ್ಯಾಯ ಸರ್?' ಅಂತ ಒಬ್ಬ ತಾಯಿ ಕೇಳಿದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆ ಹುಡುಗಿ ರಾತ್ರಿ ಹನ್ನೊಂದರ ತನಕ ಕೂತು ಓದಿದ್ದಳಂತೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಪಠ್ಯದಲ್ಲಿ ಇಲ್ಲದ್ದನ್ನು ಅಂಕಕ್ಕೆ ಕೇಳಬಾರದಿತ್ತು. ಆ ಎರಡು ಅಂಕ ಯಾರ ಮಾರ್ಕ್ಸ್ ಕಾರ್ಡಿಗೂ ಸೇರುವುದಿಲ್ಲ. ಪೋರ್ಷನ್ ಕೂಡ ಹಿಂದೆ ಬಿದ್ದಿಲ್ಲ.

ಆದರೆ ಟೀಚರ್ ಆ ಉತ್ತರಗಳನ್ನು ತಿದ್ದಿದ ರೀತಿ ಸರಿಯಾಗಿಯೇ ಇದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ದಯವಿಟ್ಟು ಓದಿ.

ಇಡೀ ವಿಶ್ವ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ನಾವು, ನಮ್ಮ ಹೊಲ, ಸಮುದ್ರ, ಸೂರ್ಯ, ಎಲ್ಲಾ ನಕ್ಷತ್ರಗಳು, ಅವುಗಳ ನಡುವೆ ಹರಡಿರುವ ಅನಿಲ, ಎಲ್ಲ ಸೇರಿ ಬರೀ ಐದು ರೂಪಾಯಿ. 27 ರೂಪಾಯಿ ಡಾರ್ಕ್ ಮ್ಯಾಟರ್. ಉಳಿದ 68 ಡಾರ್ಕ್ ಎನರ್ಜಿ, ಅದರ ವಿಷಯ ಮುಂದೆ ಹೇಳುತ್ತೇನೆ. ಈ ಲೆಕ್ಕ ಯಾರೋ ಸುಮ್ನೆ ಹೇಳಿದ್ದಲ್ಲ. 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹ ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದು ಕೊಟ್ಟ ಲೆಕ್ಕ ಇದು. ಎಷ್ಟಿದೆ ಅಂತ ಇಷ್ಟು ಚೆನ್ನಾಗಿ ಗೊತ್ತು. ಏನು ಅಂತ ಮಾತ್ರ ಗೊತ್ತಿಲ್ಲ.

ಕಾಣದ ವಸ್ತು ಇದೆ ಅಂತ ಹೇಗೆ ಗೊತ್ತಾಯಿತು? ಟೀಚರ್ ಅಂದು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಹಗ್ಗಕ್ಕೆ ಒಂದು ಚೆಂಡು ಕಟ್ಟಿ ತಿರುಗಿಸಿದರು. ಜೋರಾಗಿ ತಿರುಗಿಸಿದಷ್ಟೂ ಹಗ್ಗ ಜಾಸ್ತಿ ಗಟ್ಟಿ ಇರಬೇಕು, ಇಲ್ಲದಿದ್ದರೆ ಚೆಂಡು ಕಿತ್ತುಕೊಂಡು ಹೋಗುತ್ತದೆ. ಆಕಾಶದಲ್ಲಿ ಗುರುತ್ವವೇ ಹಗ್ಗ, ದೂರ ಹೋದಷ್ಟೂ ಅದರ ಹಿಡಿತ ಸಡಿಲ. ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ಓಡುತ್ತದೆ, ದೂರದ ನೆಪ್ಚೂನ್ ಐದೂವರೆ ಕಿಲೋಮೀಟರ್ ಸಹ ಇಲ್ಲ. ಗೆಲಾಕ್ಸಿಯಲ್ಲೂ, ಅಂದರೆ ಕೋಟ್ಯಂತರ ನಕ್ಷತ್ರಗಳ ಗುಂಪಿನಲ್ಲೂ, ಹೀಗೇ ಇರಬೇಕಿತ್ತು, ಅಲ್ವಾ? 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಎಂಬ ವಿಜ್ಞಾನಿಗಳು ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದು ನೋಡಿದರೆ, ಅಂಚಿನ ಕಡೆಗೆ ಹೋದರೂ ವೇಗ ಹಾಗೆ ಇಳಿಯಲೇ ಇಲ್ಲ. ಕಾಣುವ ವಸ್ತುವಿನ ಹಗ್ಗ ಅದನ್ನೆಲ್ಲ ಹಿಡಿದಿಡಲು ಸಾಲದು. ಫ್ರಿಟ್ಜ್ ಜ್ವಿಕಿ ಎಂಬ ಖಗೋಳ ವಿಜ್ಞಾನಿ 1933ರಲ್ಲೇ ಗೆಲಾಕ್ಸಿಗಳ ದೊಡ್ಡ ಗುಂಪೊಂದನ್ನು ನೋಡಿ ಇದನ್ನೇ ಹೇಳಿದ್ದರು, ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಪೂರ್ತಿ ಅಂಕ ಬಂದ ಆ ಹುಡುಗ ಬರೆದದ್ದನ್ನು ನೋಡಿ: 'ಇನ್ನೂ ಗೊತ್ತಿಲ್ಲ. ಆದರೆ ಏನೋ ಇದೆ, ಯಾಕೆಂದರೆ ಅಂಚಿನ ನಕ್ಷತ್ರಗಳು ಹಾರಿಹೋಗದೆ ಜೋರಾಗಿ ಸುತ್ತುತ್ತಿವೆ.' ಅವನು ಸೋಮಾರಿತನದಿಂದ ಬರೆದಿದ್ದಾನೆ ಅಂತ ನನಗಂತೂ ಅನಿಸಲಿಲ್ಲ. ಸೊನ್ನೆ ಬಂದ ಉತ್ತರದಲ್ಲಿ 'ಡಾರ್ಕ್ ಮ್ಯಾಟರ್ ಕಪ್ಪು ಕುಳಿಗಳಿಂದ ಆಗಿದೆ' ಅಂತ ಇತ್ತು. ಅದು ಕೆಲವು ವಿಜ್ಞಾನಿಗಳ ಊಹೆ. ಊಹೆ ಅಂತಲೇ ಬರೆದಿದ್ದರೆ ಅಂಕ ಸಿಗುತ್ತಿತ್ತು. ಆ ಹುಡುಗಿಯನ್ನು ನಾನೇ ಕರೆದು ಮಾತಾಡಿದೆ. ಬಹಳ ಚುರುಕಾದ ಮಗು. ಅವಳು ಓದಿದ್ದು ವ್ಯರ್ಥವಾಗಿಲ್ಲ ಅಂತ ಅವಳಿಗೂ ಹೇಳಿದ್ದೇನೆ, ಅವಳ ತಾಯಿಗೂ ಮತ್ತೆ ಹೇಳುತ್ತಿದ್ದೇನೆ.

'ಮೇಷ್ಟ್ರೇ ಗೊತ್ತಿಲ್ಲ ಅಂದರೆ ಮಕ್ಕಳು ಇನ್ಯಾರನ್ನು ಕೇಳಬೇಕು?' ಅಂತಲೂ ಕೆಲವರು ಅಂದಿರಿ. ಪಾಠ ತಯಾರಿ ಮಾಡಿಕೊಳ್ಳದೆ ಬಂದು ಗೊತ್ತಿಲ್ಲ ಅಂದರೆ ಮೊದಲು ನಾನೇ ಕೇಳುತ್ತೇನೆ. ಇಲ್ಲಿ ಹಾಗಾಗಿಲ್ಲ. ಇಡೀ ಜಗತ್ತಿಗೇ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿಕೊಟ್ಟರೆ ಅದು ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ. ನಮ್ಮ ಶಾಲೆಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಇರುತ್ತದೆ. ನಿಮಗೆ ಇದು ಒಗ್ಗಲು ಸಮಯ ಬೇಕು ಅಂತಲೂ ಗೊತ್ತು. ನಾವು ಓದುವಾಗ ಗೊತ್ತಿಲ್ಲ ಅಂದರೆ ಬೆತ್ತದ ಏಟು ಬೀಳುತ್ತಿತ್ತು, ಆ ಭಯ ನನ್ನೊಳಗೂ ಪೂರ್ತಿ ಹೋಗಿಲ್ಲ.

ಒಬ್ಬ ಅಜ್ಜಿ ಮೊಮ್ಮಗನ ಬಾಯಲ್ಲಿ 'ಸುತ್ತಲೂ ಕಪ್ಪು ಶಕ್ತಿ ಇದೆ' ಅಂತ ಕೇಳಿ ಹೆದರಿದರಂತೆ. ಅಜ್ಜಿ, ಮಾಟಕ್ಕೂ ಇದಕ್ಕೂ ಸಂಬಂಧ ಇಲ್ಲ. ವಿಶ್ವ ಹಿಗ್ಗುತ್ತಾ ಇದೆ, ಹಿಗ್ಗುವ ವೇಗವೂ ಏರುತ್ತಾ ಇದೆ ಅಂತ 1998ರಲ್ಲಿ ಗೊತ್ತಾಯಿತು. ಅದನ್ನು ಕಂಡುಹಿಡಿದ ಮೂವರಿಗೆ 2011ರಲ್ಲಿ ನೊಬೆಲ್ ಬಂತು. ಹಾಗೆ ವೇಗ ಏರಿಸುತ್ತಿರುವುದು ಏನು ಅಂತ ತಿಳಿಯದೆ ಇಟ್ಟುಕೊಂಡ ಹೆಸರೇ ಡಾರ್ಕ್ ಎನರ್ಜಿ, ಅಷ್ಟೇ.

ನಿಮ್ಮಲ್ಲಿ ಎಷ್ಟೋ ಜನರ ತಂದೆ, ತಾತ ಕೋಲಾರದ ಚಿನ್ನದ ಗಣಿಗೆ ಇಳಿದವರು. ಅದೇ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಆಕಾಶದಿಂದ ಬರುವ ನ್ಯೂಟ್ರಿನೊ ಅನ್ನುವ ಕಣವನ್ನು 1965ರಲ್ಲಿ ಪತ್ತೆ ಮಾಡಿದರು. ಹೀಗೆ ಆಕಾಶದಿಂದ ಬಂದ ನ್ಯೂಟ್ರಿನೊವನ್ನು ಜಗತ್ತಿನಲ್ಲಿ ಮೊದಲು ಕಂಡ ತಂಡಗಳಲ್ಲಿ ಅಲ್ಲಿನ ತಂಡವೂ ಒಂದು. ಮೇಲಿನ ಬಂಡೆ ಬೇರೆ ಕಣಗಳನ್ನು ಬಹುತೇಕ ತಡೆಯುತ್ತದೆ, ಅದಕ್ಕೇ ಅಷ್ಟು ಆಳ. ಇವತ್ತು ಡಾರ್ಕ್ ಮ್ಯಾಟರ್ ಹುಡುಕುವವರೂ ಹೀಗೇ ನೆಲದೊಳಗೆ ಕೂತು ಕಾಯುತ್ತಿದ್ದಾರೆ, ಜಾರ್ಖಂಡ್‌ನ ಜಾದುಗೂಡ ಗಣಿಯಲ್ಲೂ ಅಂಥದ್ದೊಂದು ಲ್ಯಾಬ್ ಇದೆ. ಈ ಹುಡುಕಾಟ ನಮ್ಮ ಮಕ್ಕಳಿಗೆ ದೂರದ್ದು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಈ ಶನಿವಾರ ಸಂಜೆ ಏಳಕ್ಕೆ ಶಾಲೆಯ ಮೈದಾನದಲ್ಲಿ ಬೈನಾಕ್ಯುಲರ್‌ನಿಂದ ಆಂಡ್ರೊಮಿಡಾ ತೋರಿಸುತ್ತೇವೆ. ಸಣ್ಣ ಮಂಜಿನ ಚುಕ್ಕೆಯಂತೆ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ. ಟೀಚರ್ ಅಲ್ಲೇ ಇರುತ್ತಾರೆ, ನಾನೂ ಇರುತ್ತೇನೆ. ಅಂಕದ ವಿಷಯ ಇನ್ನೂ ಕೇಳಬೇಕು ಅನಿಸಿದರೆ ಅಲ್ಲೇ ಕೇಳಿ, ಬೇಜಾರಿಲ್ಲ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ, ಮಗುವಿಗೆ ಸ್ವೆಟರ್ ಹಾಕಿ ಕಳಿಸಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು