ನೈರೋಬಿಯ ಇಬ್ಬರು ಟ್ಯಾಕ್ಸಿ ಚಾಲಕರು

ಮಾನ್ಯ ಸಂಪಾದಕರೇ,

ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ನಾನು ನೆಲೆಸಿ 11 ವರ್ಷಗಳಾದವು. ಊರಿಗೆ ಬಂದಾಗಲೆಲ್ಲ ಬಂಧುಗಳು, ಅದರಲ್ಲೂ ಇಲ್ಲಿಗೆ ಕೆಲಸಕ್ಕೆ ಹೊರಟಿರುವ ಹುಡುಗರ ತಂದೆತಾಯಂದಿರು, ಮೊದಲು ಕೇಳುವುದು ‘ಅಲ್ಲಿ ಜೀವಕ್ಕೆ ಭಯವಿಲ್ಲವೇ?’ ಎಂದು. ಅವರ ಆತಂಕ ಸಹಜವಾದದ್ದು. 2013ರ ಸೆಪ್ಟೆಂಬರಿನಲ್ಲಿ ಭಯೋತ್ಪಾದಕರು ವೆಸ್ಟ್‌ಗೇಟ್ ಮಾಲ್‌ಗೆ ನುಗ್ಗಿ 67 ಮಂದಿಯನ್ನು ಕೊಂದಾಗ, ಸತ್ತವರಲ್ಲಿ ಭಾರತೀಯರೂ ಇದ್ದರು. ಆದರೂ ನಮ್ಮಂಥ ಹೊರದೇಶದವರು ಇಲ್ಲಿ ಸುರಕ್ಷತೆಯನ್ನು ಬಹುಮಟ್ಟಿಗೆ ದುಡ್ಡು ಕೊಟ್ಟೇ ಪಡೆಯುತ್ತೇವೆ: ವಿದ್ಯುತ್ ತಂತಿ ಬಿಗಿದ ಎತ್ತರದ ಕಾಂಪೌಂಡು, ಗುಂಡಿ ಒತ್ತಿದರೆ ಓಡಿಬರುವ ಖಾಸಗಿ ಭದ್ರತಾ ಸಂಸ್ಥೆಯ ಗಾಡಿ, ಗೇಟಿನಲ್ಲಿ ಹಗಲುರಾತ್ರಿ ‘ಅಸ್ಕರಿ’, ಅಂದರೆ ಕಾವಲುಗಾರ. ಆ ಕಾವಲುಗಾರನಿಗೇ ಕಷ್ಟ ಬಂದರೆ ಅವನನ್ನು ಕಾಯುವವರು ಯಾರು ಎಂದು ನಾನೂ ಬಹುಕಾಲ ಯೋಚಿಸಿರಲಿಲ್ಲ.

ಎರಡು ವರ್ಷಗಳ ಹಿಂದೆ ಪಕ್ಕದ ಮನೆಯಲ್ಲಿ ಕಳವಾಯಿತು. ಶುಕ್ರವಾರ ಸಂಜೆ ಪೊಲೀಸರು ನಮ್ಮ ಅಸ್ಕರಿಯನ್ನು ಅನುಮಾನದ ಮೇಲೆ ಕರೆದುಕೊಂಡು ಹೋದರು. ಭಾನುವಾರ ನಾನು ಠಾಣೆಗೆ ಹೋದಾಗ ಕೂಡಲೇ ಕುರ್ಚಿ ಹಾಕಿಸಿದರು. ಡಬ್ಬಿಯಲ್ಲಿ ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ, ಹಿಡಿದು ಮಧ್ಯಾಹ್ನದಿಂದ ಬಾಗಿಲ ಹೊರಗೆ ನಿಂತಿದ್ದ ಅಸ್ಕರಿಯ ಹೆಂಡತಿಯನ್ನು ಯಾರೂ ಒಳಗೆ ಕರೆದಿರಲಿಲ್ಲ. ಇಲ್ಲಿ ದೂರನ್ನು ‘ಓಬಿ’ ಎಂಬ ದೊಡ್ಡ ದಾಖಲೆ ಪುಸ್ತಕದಲ್ಲಿ ಬರೆದು ಅದರ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ನನಗೆ ಹತ್ತು ನಿಮಿಷದಲ್ಲಿ ಸಿಕ್ಕಿತು, ಆಕೆಗೆ ಎರಡು ದಿನ ಅಲೆದರೂ ಸಿಕ್ಕಿರಲಿಲ್ಲ. ಸೋಮವಾರ ಯಾವ ಆರೋಪವನ್ನೂ ಹೊರಿಸದೆ ಅವರನ್ನು ಬಿಟ್ಟು ಕಳುಹಿಸಿದರು.

ಕೆನ್ಯಾದ 2010ರ ಸಂವಿಧಾನದ 49ನೇ ವಿಧಿಯ ಪ್ರಕಾರ ಬಂಧಿತರನ್ನು 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ತರಬೇಕು. ಆದರೆ ಆ ಗಡುವು ರಜಾದಿನದಲ್ಲಿ ಮುಗಿದರೆ ಮುಂದಿನ ಕೆಲಸದ ದಿನದವರೆಗೆ ಅವಕಾಶವಿದೆ. ಈ ಒಂದು ವಾಕ್ಯದ ಬಲದಿಂದಲೇ ಶುಕ್ರವಾರ ಹಿಡಿದು ವಾರಾಂತ್ಯವೆಲ್ಲ ಕೂಡಿಹಾಕುವ ರೂಢಿ ಬೆಳೆದಿದ್ದು, ಜನರು ಅದನ್ನು ‘ಕಮಾಟ ಕಮಾಟ ಫ್ರೈಡೇ’ ಎನ್ನುತ್ತಾರೆ (ಸ್ವಾಹಿಲಿಯಲ್ಲಿ ಕಮಾಟ ಎಂದರೆ ಹಿಡಿ). ನಮ್ಮ ಸಂವಿಧಾನದ 22ನೇ ವಿಧಿ ಪ್ರಯಾಣದ ಸಮಯವನ್ನು ಮಾತ್ರ ಲೆಕ್ಕದಿಂದ ಬಿಡುತ್ತದೆ, ಭಾನುವಾರವಾದರೂ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗಾದರೂ ಕರೆದೊಯ್ಯಬೇಕಾಗುತ್ತದೆ. ಅದರ ಬೆಲೆ ನನಗೆ ತಿಳಿದದ್ದು ಆ ಠಾಣೆಯಲ್ಲಿ ಕುಳಿತಾಗ.

2016ರ ಜೂನ್ 23ರಂದು ವಕೀಲ ವಿಲ್ಲಿ ಕಿಮಾನಿ, ಅವರ ಕಕ್ಷಿದಾರ ಮತ್ತು ಅವರ ಟ್ಯಾಕ್ಸಿ ಚಾಲಕ, ಮಾವೋಕೊ ಎಂಬ ಊರಿನ ನ್ಯಾಯಾಲಯದಿಂದ ಹೊರಟವರು ಕಾಣೆಯಾದರು. ಕಕ್ಷಿದಾರ ಬೋಡಾಬೋಡಾ, ಅಂದರೆ ಬಾಡಿಗೆ ಬೈಕು, ಓಡಿಸುವ ಯುವಕ. ತನಗೆ ಗುಂಡು ಹೊಡೆದ ಪೊಲೀಸ್ ಅಧಿಕಾರಿಯ ಮೇಲೆ, ಪೊಲೀಸರ ವಿರುದ್ಧದ ದೂರುಗಳನ್ನು ತನಿಖೆ ಮಾಡುವ ಸ್ವತಂತ್ರ ಪ್ರಾಧಿಕಾರಕ್ಕೆ ದೂರು ಕೊಟ್ಟದ್ದೇ ಆತ ಮಾಡಿದ್ದ ‘ತಪ್ಪು’. ಮೂವರ ಶವಗಳೂ ನದಿಯಲ್ಲಿ ಸಿಕ್ಕವು. ವಕೀಲರು ಬೀದಿಗಿಳಿದರು, ವಿಚಾರಣೆ ಆರು ವರ್ಷ ನಡೆಯಿತು, 2022ರ ಜುಲೈನಲ್ಲಿ ಮೂವರು ಪೊಲೀಸರೂ ಒಬ್ಬ ಪೊಲೀಸ್ ಮಾಹಿತಿದಾರನೂ ತಪ್ಪಿತಸ್ಥರೆಂದು ತೀರ್ಪು ಬಂತು. ಕೆನ್ಯಾದ ನ್ಯಾಯಾಲಯಗಳ ಬಗ್ಗೆ ಹಗುರವಾಗಿ ಮಾತನಾಡುವವರು ಇದನ್ನು ಮರೆಯಬಾರದೆಂದು ನನ್ನ ವಿನಂತಿ.

ಅದೇ ಜುಲೈ ತಿಂಗಳಲ್ಲಿ ಇಬ್ಬರು ಭಾರತೀಯರು, ಅವರನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಚಾಲಕನೊಂದಿಗೆ, ನೈರೋಬಿಯಲ್ಲಿ ಕಾಣೆಯಾದರು. ಅನುಮಾನ ಪೊಲೀಸರ ಒಂದು ವಿಶೇಷ ಪಡೆಯ ಮೇಲೆ ಬಿತ್ತು. ಅಕ್ಟೋಬರಿನಲ್ಲಿ ಅಧ್ಯಕ್ಷ ರೂಟೊ ಆ ಪಡೆಯನ್ನೇ ವಿಸರ್ಜಿಸಿದರು. ಹಲವು ಪೊಲೀಸರನ್ನು ಬಂಧಿಸಿ ನ್ಯಾಯಾಲಯದ ಮುಂದೆ ತರಲಾಯಿತು. ಆಗ ಊರಿನಿಂದ ನನಗೆ ಬಂದ ಕರೆಗಳೆಲ್ಲ ಆ ಇಬ್ಬರು ಭಾರತೀಯರ ಬಗ್ಗೆ. ಮೂರನೆಯವನ ವಿಷಯವನ್ನು ಒಬ್ಬರೂ ಎತ್ತಲಿಲ್ಲ, ನಾನಾಗಿ ಹೇಳಲೂ ಇಲ್ಲ. ಅದು ಈಗ ನನ್ನನ್ನು ಚುಚ್ಚುತ್ತದೆ. ಎರಡೂ ಪ್ರಕರಣಗಳಲ್ಲಿ ಚಾಲಕ ಮಾಡಿದ್ದು ಬಾಡಿಗೆಗೆ ಬಂದದ್ದು ಮಾತ್ರ. ದಿನ ಬೆಳಗಾದರೆ ನಾನು ಕಚೇರಿಗೆ ಹೋಗುವುದು ಅಂಥದೇ ಒಬ್ಬರ ಕಾರಿನಲ್ಲಿ.

ಆದ್ದರಿಂದ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ತಂದೆತಾಯಂದಿರಿಗೆ ನಾನು ಹೇಳುವುದಿಷ್ಟು: ಮನೆಯ ಕಾಂಪೌಂಡು ಎಷ್ಟು ಎತ್ತರವಿದೆ ಎಂದು ಕೇಳುವುದರ ಜೊತೆಗೆ, ಠಾಣೆಯಲ್ಲಿ ಓಬಿ ಸಂಖ್ಯೆ ಕೇಳಿ ಪಡೆಯುವುದನ್ನೂ, ‘ಕಿಟು ಕಿಡೋಗೊ’ ಎಂದು ಲಂಚಕ್ಕೆ ಕೈಚಾಚಿದವರಿಗೆ ಕೊಡದೆ ರಸೀದಿ ಕೇಳುವುದನ್ನೂ ಮಕ್ಕಳಿಗೆ ಕಲಿಸಿ. ಆ ಕುರ್ಚಿ ಸಿಗದವರ ಪರವಾಗಿ ಠಾಣೆಗೆ ಹೋಗುವ ಧೈರ್ಯವೂ ಅವರಿಗಿರಲಿ. ತಮ್ಮಲ್ಲಿ ಒಂದು ಕೋರಿಕೆ: ಹೊರದೇಶದಲ್ಲಿ ಭಾರತೀಯರಿಗೆ ಅನ್ಯಾಯವಾದ ಸುದ್ದಿ ಪ್ರಕಟಿಸುವಾಗ, ಅವರ ಜೊತೆಯಲ್ಲೇ ಅನ್ಯಾಯಕ್ಕೊಳಗಾದ ಆ ನೆಲದವರ ಸಂಗತಿಯನ್ನೂ ಅದೇ ಅಂಕಣದಲ್ಲಿ ಪೂರ್ತಿಯಾಗಿ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನೈರೋಬಿಯಲ್ಲಿರುವ ಒಬ್ಬ ಕನ್ನಡಿಗ