ಲಾಲ್‌ಬಾಗಿನ ಬಂಡೆಯನ್ನೂ ಮಕ್ಕಳಿಗೆ ತೋರಿಸಿ

ಸಂಪಾದಕರೇ,

ಮಗನ ಮನೆಗೆಂದು ಅಮೆರಿಕದ ಓಹಾಯೋಗೆ ಹೋಗಿದ್ದೆವು. ಒಂದು ಶನಿವಾರ ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ನಾವಿಬ್ಬರು, ಎಲ್ಲರೂ ಪುಳಿಯೋಗರೆ ಕಟ್ಟಿಕೊಂಡು ಪಕ್ಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್‌ಗೆ ಹೊರಟೆವು. ಅಲ್ಲಿ ಆರ್ಕ್ ಎನ್‌ಕೌಂಟರ್ ಅಂತ ಥೀಮ್ ಪಾರ್ಕ್ ಇದೆ. ಬೈಬಲ್ಲಿನ ನೋಹ ಜಲಪ್ರಳಯಕ್ಕೆ ಮುಂಚೆ ಕಟ್ಟಿದ ನಾವೆ ಇದೆಯಲ್ಲ, ಅದನ್ನೇ ಮರದಲ್ಲಿ ಕಟ್ಟಿ 2016ರಲ್ಲಿ ತೆರೆದಿದ್ದಾರೆ. 510 ಅಡಿ ಉದ್ದ, 51 ಅಡಿ ಎತ್ತರ. ಸಮುದ್ರವೇ ಇಲ್ಲದ ಊರಲ್ಲಿ ಅಷ್ಟು ದೊಡ್ಡ ಹಡಗು!

ಮರಗೆಲಸ ಮಾತ್ರ ಅದ್ಭುತ, ಸುಳ್ಳು ಹೇಳಬಾರದು. ಒಳಗೆ ಮೂರು ಅಂತಸ್ತು. ಕೆಳಗಡೆ ಕತ್ತಲು, ಗಾಳಿಮಳೆಯ ಸದ್ದು, ಪ್ರಳಯದಿಂದ ಉಳಿಸೋಕೆ ನೋಹ ಹತ್ತಿಸಿಕೊಂಡ ಪ್ರಾಣಿಗಳ ಸಾಲು ಸಾಲು ಪಂಜರ. ನನ್ನ ಹೆಂಡತಿಗೆ ಮತ್ಸ್ಯಾವತಾರ ನೆನಪಾಯಿತು. "ಇವರ ದೋಣಿ ಎಳೆಯೋಕೆ ಮೀನು ಇಲ್ವಾ?" ಅಂತ ಸೊಸೆಯನ್ನು ಕೇಳಿದಳು.

ಒಂದು ಪಂಜರದಲ್ಲಿ ಡೈನೋಸಾರ್ ಮರಿಗಳಿದ್ದವು. ಬೊಂಬೆಗಳೇ, ಆದರೆ ನೋಹ ಇವನ್ನೂ ಹತ್ತಿಸಿಕೊಂಡಿದ್ದ ಅನ್ನುವುದು ಅವರ ವಾದ. ಇದನ್ನು ಕಟ್ಟಿದ ಆನ್ಸರ್ಸ್ ಇನ್ ಜೆನೆಸಿಸ್ ಸಂಸ್ಥೆಯ ಪ್ರಕಾರ ಭೂಮಿಗೆ ಸುಮಾರು 6,000 ವರ್ಷ ಅಷ್ಟೇ. ಮೊಮ್ಮಗ ಡೈನೋಸಾರ್ ಹುಚ್ಚ. "ತಾತ, ಅವು ಆರೂವರೆ ಕೋಟಿ ವರ್ಷದ ಹಿಂದೆಯೇ ಸತ್ತುಹೋದವಲ್ವಾ?" ಅಂದ. ಹೌದು ಕಣೋ ಅಂದೆ. ಅವನು ಪಂಜರ ನೋಡಿದ, ನನ್ನನ್ನು ನೋಡಿದ. ನನ್ನ ಮಾತಿಗಿಂತ ಆ ಪಂಜರಕ್ಕೇ ಬೆಲೆ ಜಾಸ್ತಿ ಅನ್ನಿಸಿತು.

ನಂಬಿಕೆ ಅವರವರದು, ಅದರ ತಂಟೆ ನನಗೆ ಬೇಡ. ಪುರಾಣದ ಕಥೆಗಳು ನಮ್ಮಲ್ಲೇನು ಕಡಿಮೆಯೇ? ನನ್ನನ್ನು ಕಾಡಿದ್ದು ಬೇರೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರದ ಕೆಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಸ್ಮಾರಕ ಅಂತ ಫಲಕವನ್ನೂ ಹಾಕಿದ್ದಾರೆ. ಇಷ್ಟು ವರ್ಷ ಅದರ ಮೇಲೆ ವಾಕಿಂಗ್ ಮಾಡಿ, ಕಡಲೆಕಾಯಿ ತಿಂದು ಎದ್ದು ಬಂದವನು ನಾನು. ನನ್ನ ಮಗನಿಗೂ ಅದನ್ನು ಒಮ್ಮೆಯೂ ಓದಿ ಹೇಳಿರಲಿಲ್ಲ. ಅವರು ಮರ ಕಡಿದು, ಕೋಟಿಗಟ್ಟಲೆ ಸುರಿದು ಕಥೆಯನ್ನು ಕಣ್ಣಿಗೆ ಕಟ್ಟಿಸಿದ್ದಾರೆ. ನಮ್ಮಲ್ಲಿ ನಿಜವಾದದ್ದೇ ಸುಮ್ನೆ ಬಿದ್ದಿದೆ.

ಫ್ಲವರ್ ಶೋಗೆ ಶಾಲೆಗಳಿಂದ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಮೇಷ್ಟ್ರುಗಳು ಗಾಜಿನ ಮನೆ ಮುಗಿದ ಮೇಲೆ ಹತ್ತು ನಿಮಿಷ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ಆ ಫಲಕ ಓದಿಸಲಿ, ಕಲ್ಲನ್ನು ಮುಟ್ಟಿಸಲಿ. ಮೊಮ್ಮಗ ಡಿಸೆಂಬರಿಗೆ ಬರುತ್ತಾನೆ. ನಾನಂತೂ ಮೊದಲ ದಿನವೇ ಹತ್ತಿಸುತ್ತೇನೆ, ಮಂಡಿ ನೋವಿದ್ದರೂ ಸರಿ.

– ಒಬ್ಬ ಓದುಗ, ಜಯನಗರ, ಬೆಂಗಳೂರು