ಭಾನುವಾರ ಮಲಕ್ಕಾ ಪ್ರವಾಸ: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಕೌಲಾಲಂಪುರದಿಂದ ನಮ್ಮ ಬಸ್ಸು ಈ ಭಾನುವಾರ ಬೆಳಿಗ್ಗೆ 7ಕ್ಕೆ ಹೊರಡುತ್ತದೆ. ಹೋಗುತ್ತಿರುವುದು ಮಲಕ್ಕಾ ನದಿ ದಂಡೆಯ ಕಂಪುಂಗ್ ಮೊರ್ಟೆನ್‌ಗೆ, ಹಳೆಯ ಮಲಯ್ ಮನೆಗಳ ಕೇರಿಗೆ.

ಸುಮ್ನೆ ಮನೆ ಮಾತ್ರ ನೋಡಿ ಬರಬೇಡಿ. ಮಲಯ್ ಹಳ್ಳಿ ಬದುಕಿನಲ್ಲಿ ಅಂಗಳಕ್ಕೇ ಜಾಸ್ತಿ ಬೆಲೆ. ಅದನ್ನು ‘ಹಲಾಮನ್’ ಅನ್ನುತ್ತಾರೆ. ಹಳೆಯ ಹಳ್ಳಿಗಳಲ್ಲಿ ಬೇಲಿ ಕಡಿಮೆ, ತೆಂಗು, ಹಣ್ಣಿನ ಮರಗಳೇ ಗಡಿ. ಗುಡಿಸಿದ ನೆಲದಲ್ಲೇ ಮಕ್ಕಳ ಆಟ, ಮದುವೆ ಅಡುಗೆ, ನೆರೆಯವರ ಮಾತುಕತೆ. ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯಲು ನೀರಿನ ಗುಡಾಣ. ಅಜ್ಜಿ ಮನೆ ನೆನಪಾಗುತ್ತದೆ, ಅಲ್ವಾ?

ಅಲ್ಲಿ ಇಂದಿಗೂ ಸಂಸಾರಗಳಿವೆ. ಕೇಳದೆ ಅಂಗಳಕ್ಕೆ ಕಾಲಿಡಬೇಡಿ, ಫೋಟೋ ತೆಗೆಯಬೇಡಿ. ಮೆಟ್ಟಿಲು ಹತ್ತುವ ಮುಂಚೆ ಚಪ್ಪಲಿ ಬಿಡಿ. ಮೈ ಮುಚ್ಚುವ ಬಟ್ಟೆ ಇರಲಿ.

ಮನೆಯಿಂದ ಎಷ್ಟು ಜನ ಬರುತ್ತೀರಿ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.